ಮೈಕಕ್ಕನ ಕೊನೆಯ ಪ್ರಶ್ನೆ

ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಬಸ್ ನಿಲ್ದಾಣದ ಮೈಕಿನಲ್ಲಿ ಹೇಳುವುದೇ ಅವಳ ಕೆಲಸ. ಹಾಗಾಗಿ ಬಡಾವಣೆಗೆಲ್ಲ ಅವಳು ಮೈಕಕ್ಕ. ತನ್ನ ಗಂಟಲಿನ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು, ಸುಳ್ಳೇಕೆ ಹೇಳಬೇಕು. ಇಂಜಿನ್ನುಗಳ ಆರ್ಭಟ, ಹಾರನ್ನು, ಮಕ್ಕಳ ಅಳು ಎಲ್ಲದರ ನಡುವೆಯೂ ಒಂದಕ್ಷರ ಜಾರದಂತೆ ಮಾತಾಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ವರ್ಷಕ್ಕೊಮ್ಮೆ ಗ್ರಂಥಾಲಯದ ಮೇಲಿನ ಹಾಲಿನಲ್ಲಿ ಮಕ್ಕಳಿಗೆ ವಿಜ್ಞಾನ ಮತ್ತು ಬಾಹ್ಯಾಕಾಶದ ರಸಪ್ರಶ್ನೆ ನಡೆಸುವ ಜವಾಬ್ದಾರಿಯೂ ಅವಳದೇ. ಬೇರೆಯವರು ನಡೆಸಿದರೆ ಪರೀಕ್ಷೆಯಂತೆ ಇರುತ್ತಿತ್ತು, ಅವಳು ನಡೆಸಿದರೆ ಆಟ. "ಪ್ರಯಾಣಿಕರ ಗಮನಕ್ಕೆ! ಮಂಗಳ ಗ್ರಹಕ್ಕೆ ಹೋಗುವ ವಾಹನ ಇನ್ನೇನು ಹೊರಡಲಿದೆ. ತಲುಪಲು ಏಳು ತಿಂಗಳಾಗುವುದರಿಂದ ದಯವಿಟ್ಟು ಮನೆಯಿಂದಲೇ ಊಟ ಕಟ್ಟಿಸಿಕೊಂಡು ಬನ್ನಿ" ಎಂದು ಶುರು ಮಾಡಿದರೆ ಮಕ್ಕಳಿರಲಿ, ಪತ್ರಿಕೆ ಓದಲು ಬಂದು ತೂಕಡಿಸುತ್ತಿದ್ದ ಮುದುಕರೂ ಮೆಟ್ಟಿಲು ಹತ್ತಿ ಬರುತ್ತಿದ್ದರು.

ಈ ಸಲದ ಬಹುಮಾನ ಮಾತ್ರ ಪೆನ್ನು, ಪುಸ್ತಕದಂಥದ್ದಲ್ಲ. ಬೆಟ್ಟದ ಮೇಲಿನ ದೊಡ್ಡ ದೂರದರ್ಶಕ ನೋಡಲು ಮಕ್ಕಳನ್ನು ಕರೆದೊಯ್ಯುವ ಬಸ್ಸಿನಲ್ಲಿ ಗ್ರಂಥಾಲಯಕ್ಕೆ ಒಂದೇ ಒಂದು ಸೀಟು ಸಿಕ್ಕಿತ್ತು. ಗೆದ್ದವರಿಗೆ ಅದು.

ಮೈಕಕ್ಕನ ಮಗಳೂ ಪ್ರತಿ ವರ್ಷ ಆಟಕ್ಕೆ ಕೂರುತ್ತಿದ್ದಳು. ಎರಡು ವರ್ಷದವಳಿದ್ದಾಗ ಗಿಳಿಯ ಹಾಗೆ ಬಾಯಿಗೆ ಬಿಡುವಿಲ್ಲದಂತೆ ಮಾತಾಡುತ್ತಿದ್ದಳೆಂದು ಅಜ್ಜಿ ಮಿಟ್ಟು ಎಂದು ಕರೆದದ್ದು ಹಾಗೇ ಉಳಿದಿತ್ತು. ಶಾಲೆಗೆ ಸೇರಿದ ಮೇಲೆ ಅದ್ಯಾವಾಗಲೋ ಮಾತು ತಡವರಿಸತೊಡಗಿತು. ಮೊದಲಕ್ಷರದಲ್ಲೇ ನಾಲಿಗೆ ಸಿಕ್ಕಿಹಾಕಿಕೊಂಡರೆ ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿ, ನೋಡುವವರಿಗೇ ಉಸಿರು ಕಟ್ಟುತ್ತಿತ್ತು. ಬರಬರುತ್ತಾ ಹುಡುಗಿ ಮಾತು ಆಡುವುದನ್ನೇ ಕಡಿಮೆ ಮಾಡಿದಳು. ಆಟದಲ್ಲಿ ಅವಳ ಮುಂದಿನ ಗಂಟೆಯ ಗುಂಡಿ ಧೂಳು ತಿನ್ನುತ್ತಾ ಬಿದ್ದಿರುತ್ತಿತ್ತು.

"ಅಮ್ಮ ಪ್ರಶ್ನೆ ಕೇಳೋದು, ಮಗಳು ಉತ್ತರ ಹೇಳೋದು. ಇದ್ಯಾವ ನ್ಯಾಯ?" ಎಂದು ಪಿಂಚಣಿ ಮಾಮ ಒಮ್ಮೆ ತಗಾದೆ ತೆಗೆದಿದ್ದರು. ಅವರು ಯಾವ ಕಚೇರಿಯಿಂದ ನಿವೃತ್ತರಾದರೋ, ತಗಾದೆಯಿಂದ ಮಾತ್ರ ನಿವೃತ್ತರಾಗಿರಲಿಲ್ಲ.

"ಅವಳು ಗಂಟೆ ಒತ್ತಿದ ದಿನ ನೋಡೋಣ ಬಿಡಿ ಮಾಮ" ಎಂದು ಮೈಕಕ್ಕ ನಕ್ಕಿದ್ದಳು.

ಈ ಭಾನುವಾರ ಮಿಟ್ಟು ಗಂಟೆ ಒತ್ತಿದಳು.

"ಭೂಮಿಯಲ್ಲಿ ಸಿಗುವ ಮೊದಲೇ ಸೂರ್ಯನಲ್ಲಿದೆ ಎಂದು ಪತ್ತೆಯಾದ ಅನಿಲ ಯಾವುದು?" ಎಂದು ಮೈಕಕ್ಕ ಕೇಳಿ ಮುಗಿಸುವುದರೊಳಗೆ ಗಂಟೆ ಮೊಳಗಿತು. ಎಲ್ಲರೂ ಆ ಕಡೆ ತಿರುಗಿದರು. "ಹೀಲಿಯಂ" ಎಂದಳು ಮಿಟ್ಟು. ನೀರು ಕುಡಿದಷ್ಟು ಸಲೀಸಾಗಿ.

ಮೈಕಕ್ಕನಿಗೆ ಮುಂದಿನ ಪ್ರಶ್ನೆ ಮರೆತೇಹೋಯಿತು. ಸಾವರಿಸಿಕೊಂಡು ಕೇಳಿದಳು. ಮತ್ತೆ ಅದೇ ಗಂಟೆ. "ಧೂಮಕೇತು." ಆಮೇಲೆ ಮತ್ತೊಂದು, "ಬೆಳಕಿನ ವರ್ಷ." ಎಡವದೆ, ಮುಗ್ಗರಿಸದೆ, ಒಂದಾದ ಮೇಲೊಂದು. ತಾಯಿಯ ಕಣ್ಣು ತುಂಬಿ ಬಂತು. ಮೈಕು ಹಿಡಿದವಳು ಅಳಬಾರದೆಂದು ತಲೆ ತಗ್ಗಿಸಿ ಹಾಳೆ ತಿರುವಿದಂತೆ ಮಾಡಿದಳು. ಇಷ್ಟು ಸಂತೋಷ ಅವಳಿಗೆ ಯಾವತ್ತೂ ಆಗಿರಲಿಲ್ಲ. ಅವಳ ಗಂಡ ಬೇಕರಿಯ ರಾತ್ರಿ ಪಾಳಿ ಮುಗಿಸಿ ಮನೆಯಲ್ಲಿ ಬಿದ್ದುಕೊಂಡಿದ್ದ. ಹೋಗಿ ಎಬ್ಬಿಸಿ ಹೇಳಿಬಿಡಲೇ ಅನ್ನಿಸಿತು.

ಒಂದು ವಿಷಯ ಮಾತ್ರ ಕಣ್ಣಿಗೆ ಬಿತ್ತು. ಮುಂದಿನ ಸಾಲಿನಲ್ಲಿ ಕುಳಿತ ಅತ್ತೆಯ ತುಟಿಗಳು ಮೊಮ್ಮಗಳ ಪ್ರತಿ ಉತ್ತರದ ಜೊತೆಗೂ ಅಲುಗಾಡುತ್ತಿದ್ದವು. ಚಂದ್ರನ ಮೇಲೆ ಮನುಷ್ಯ ಇಳಿದದ್ದೇ ಕಟ್ಟುಕಥೆ ಎನ್ನುವ ಅತ್ತೆಗೆ ಧೂಮಕೇತು, ಹೀಲಿಯಂ ಎಲ್ಲ ಎಲ್ಲಿಂದ ಗೊತ್ತು? ಖುಷಿಯಲ್ಲಿ ಮೈಕಕ್ಕ ಅದನ್ನು ಅಲ್ಲಿಗೇ ಬಿಟ್ಟಳು.

ಚಹಾ ಬಿಡುವಿನ ಹೊತ್ತಿಗೆ ಮಿಟ್ಟು ಒಂದು ಅಂಕ ಮುಂದಿದ್ದಳು. ಎದುರಾಳಿ ಎಂದರೆ ಕನ್ನಡಕದ ಹುಡುಗ. ಉಳಿದವರೆಲ್ಲ ಎಂದೋ ಹಿಂದೆ ಬಿದ್ದಿದ್ದರು. ಸೋಲಿನ ರುಚಿ ಅರಿಯದ ಹುಡುಗ ಸಂಕಟಕ್ಕೆ ಬಿಸ್ಕತ್ತು ಕಡಿಯುತ್ತಾ ಗೆಳೆಯರ ಮುಂದೆ ಪಾಂಡಿತ್ಯ ಬಿಚ್ಚುತ್ತಿದ್ದ. "ದೊಡ್ಡದೊಂದು ತೊಟ್ಟಿ ತುಂಬ ನೀರಿದ್ರೆ ಶನಿ ಗ್ರಹ ತೇಲುತ್ತೆ, ಗೊತ್ತಾ? ಅಷ್ಟು ಹಗುರ!"

ಮೈಕಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಮುಂದಿನ ಪ್ರಶ್ನೆಯೇ ಅದು. ಈಗ ಎಲ್ಲರಿಗೂ ಉತ್ತರ ಗೊತ್ತಾದಂತಾಯಿತು. ಸರಿ, ಬೇರೆ ಕೇಳಿದರಾಯಿತು ಎಂದು ಅಲ್ಲೇ ಮನಸ್ಸಿನಲ್ಲಿ ಇನ್ನೊಂದು ಹೊಸೆದಳು.

ಬಿಡುವು ಮುಗಿಯಿತು. ಉಳಿದದ್ದು ಕೊನೆಯ ಸುತ್ತಿನ ಒಂದೇ ಪ್ರಶ್ನೆ. "ಸೂರ್ಯನ ಸುತ್ತ ತಿರುಗುವ ಎಂಟು ಗ್ರಹಗಳ ಪೈಕಿ..." ಎನ್ನುವಷ್ಟರಲ್ಲಿ ಮಿಟ್ಟು ಗಂಟೆ ಒತ್ತಿದಳು. ಗಂಟೆ ಒತ್ತಿದರೂ ಪ್ರಶ್ನೆ ಪೂರ್ತಿ ಕೇಳಿಸುವುದು ಅಲ್ಲಿನ ನಿಯಮ. ಮೈಕಕ್ಕ ಮುಂದುವರಿಸಿದಳು. "...ಮಗ್ಗುಲಾಗಿ ಮಲಗಿ ಉರುಳುತ್ತಿರುವಂತೆ ತಿರುಗುವ ಗ್ರಹ ಯಾವುದು?"

ಮಗಳ ಬಾಯಿ ತೆರೆಯಿತು. ಮಾತು ಬರಲಿಲ್ಲ. "ಯು..." ಎಂದಿತೋ ಏನೋ, ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ತಕ್ಷಣ, ತೀರಾ ಸ್ಪಷ್ಟವಾಗಿ, "ಶನಿ" ಎಂದುಬಿಟ್ಟಳು.

"ಶನಿ ಹೆಗಲೇರಿತಲ್ಲಪ್ಪಾ!" ಎಂದರು ಹಿಂದಿನಿಂದ ಪಿಂಚಣಿ ಮಾಮ. ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಕನ್ನಡಕದ ಹುಡುಗ "ಯುರೇನಸ್" ಎಂದು ಅಂಕ ಬಾಚಿಕೊಂಡ. ಇಬ್ಬರೂ ಸಮ.

ಮೈಕಕ್ಕನಿಗೆ ನಗು ಬರಲಿಲ್ಲ. ಶನಿ, ಕೇಳದೆ ಬಿಟ್ಟ ಪ್ರಶ್ನೆಯ ಉತ್ತರ. ಆ ಪ್ರಶ್ನೆ ಶುರುವಾಗುವುದೂ ಹೀಗೆಯೇ. ಆ ಪ್ರಶ್ನೆ ಇತ್ತೆಂದು ಅವಳಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು. ವಾರವಿಡೀ ಅವಳು ಅಡುಗೆಮನೆಯಲ್ಲಿ ಸೌಟನ್ನೇ ಮೈಕಿನಂತೆ ಹಿಡಿದು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಏರಿಸಬೇಕು ಎಂದು ಪ್ರಶ್ನೆಗಳನ್ನು ಹೇಳಿ ಹೇಳಿ ಅಭ್ಯಾಸ ಮಾಡಿದ್ದಳು. ಗೋಡೆಯ ಆಚೆ ಅಜ್ಜಿ, ಮೊಮ್ಮಗಳು ಮಲಗುವ ಕೋಣೆ. ಅತ್ತೆಯ ತುಟಿಗಳು ಯಾಕೆ ಅಲುಗಾಡಿದವೆಂದು ಈಗ ಅರ್ಥವಾಯಿತು. ಅಜ್ಜಿ, ಮೊಮ್ಮಗಳು ಸೇರಿ ಕದ್ದು ಕೇಳಿ ಬಾಯಿಪಾಠ ಮಾಡಿದ್ದರು!

ಅವಳಿಗೆ ಸಿಟ್ಟು ಬಂತು, ನಾಚಿಕೆಯಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ದುಃಖವಾಯಿತು. ಕಣ್ಣು ತುಂಬಿಸಿದ್ದ ಆ ಉತ್ತರಗಳೆಲ್ಲ ಕದ್ದ ಮಾಲು.

"ಅಕ್ಕ, ಸಮ ಆಯ್ತಲ್ಲ, ಇನ್ನೊಂದು ಪ್ರಶ್ನೆ ಕೇಳ್ಬಿಡಿ. ಯಾರು ಹೇಳ್ತಾರೋ ಅವರಿಗೇ ಸೀಟು" ಎಂದರು ಗ್ರಂಥಪಾಲಕರು, ಕೈಯಲ್ಲಿ ಗಡಿಯಾರ ಹಿಡಿದು.

ಸಮ ಬಂದರೆ ಇರಲೆಂದು ಒಂದು ಪ್ರಶ್ನೆಯನ್ನು ಅವಳು ಎತ್ತಿಟ್ಟುಕೊಂಡಿದ್ದಳು. ಅದನ್ನೂ ಅಡುಗೆಮನೆಯಲ್ಲಿ ಹೇಳಿಯಾಗಿತ್ತು. ಮಗಳು ಅವಳನ್ನೇ ನೋಡುತ್ತಿದ್ದಳು. ಅತ್ತೆ ತುಟಿ ಒದ್ದೆ ಮಾಡಿಕೊಂಡು ಸಿದ್ಧರಾಗಿದ್ದರು. ಅದನ್ನೇ ಕೇಳಿದರೆ ಯಾರ ಗಂಟೇನು ಹೋಗುತ್ತದೆ? ಯಾರಿಗೂ ತಿಳಿಯುವುದಿಲ್ಲ. ಮಗಳು ಬೆಟ್ಟ ಹತ್ತುತ್ತಾಳೆ. ಹೊಸತು ಕೇಳಿದರೆ ತುಂಬಿದ ಸಭೆಯ ಮುಂದೆ ಮತ್ತೆ ಅದೇ ನರ, ಅದೇ ಕೆಂಪು ಮುಖ. ಇವತ್ತು ತೆರೆದ ಬಾಯಿ ಇನ್ನು ಯಾವತ್ತು ತೆರೆದೀತು? ಆದರೆ ಆ ಕಡೆ ಕನ್ನಡಕದ ಹುಡುಗ ಎರಡೂ ಕೈ ಗುಂಡಿಯ ಮೇಲಿಟ್ಟು ಕುಳಿತಿದ್ದ. ಅವನ ಮನೆಯ ಗೋಡೆಯಾಚೆ ಯಾರೂ ಪ್ರಶ್ನೆ ಹೇಳಿರಲಿಲ್ಲ.

ಮೈಕಕ್ಕ ಹಾಳೆಯನ್ನು ಮಡಿಚಿಟ್ಟಳು. ಎದೆ ಕಲ್ಲು ಮಾಡಿಕೊಂಡು ಕೇಳಿದಳು. "ಹತ್ತು ಗಂಟೆಯೊಳಗೆ ಒಂದು ದಿನ ಮುಗಿಸಿಬಿಡುವ, ಎಲ್ಲಕ್ಕಿಂತ ವೇಗವಾಗಿ ತನ್ನ ಸುತ್ತ ತಾನೇ ತಿರುಗುವ ಗ್ರಹ ಯಾವುದು?"

ಮಗಳ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಬೇರೆ ಪ್ರಶ್ನೆ ಎಂದು ಅವಳಿಗೂ ತಿಳಿಯಿತು. ಆದರೂ ಮೊದಲು ಮೊಳಗಿದ್ದು ಅವಳ ಗಂಟೆಯೇ.

"ಗು..." ಎಂದಳು ಮಿಟ್ಟು.

ಉತ್ತರಕ್ಕೆ ಇದ್ದದ್ದು ಅರ್ಧ ನಿಮಿಷ. ಗ್ರಂಥಪಾಲಕರು ಗಡಿಯಾರ ನೋಡತೊಡಗಿದರು.

"ಗು... ಗು..."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಹುಡುಗಿಯ ಗದ್ದ ನಡುಗುತ್ತಿತ್ತು. ಒಂದು ಕೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. "ಗು..."

"ಗುರು" ಎಂದಿತು ಧ್ವನಿವರ್ಧಕ.

ಯಾರು ಹೇಳಿದ್ದೆಂದು ಎಲ್ಲರೂ ತಲೆ ಎತ್ತಿದರು. ಮೈಕಕ್ಕನೂ ಎತ್ತಿದಳು. ಹೇಳಿದ್ದು ತಾನೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಬೇಕೆಂದು ಹೇಳಿದ್ದಲ್ಲ. ವರ್ಷಗಳಿಂದ ಅವಳು ಮಾಡಿಕೊಂಡು ಬಂದದ್ದೇ ಅದು. ಅಂಗಡಿಯಲ್ಲಿ ಮಗಳು "ಪೆ... ಪೆ..." ಎಂದರೆ "ಪೆನ್ಸಿಲ್ ಕೊಡಿ" ಎನ್ನುವವಳು ಅವಳು. ನೆಂಟರು ಹೆಸರು ಕೇಳಿದರೆ ಹೇಳುವವಳು ಅವಳು. ಮಾತಿನ ಚಿಕಿತ್ಸೆ ಕೊಡುವ ಡಾಕ್ಟರಮ್ಮ, "ಅವಳ ಮಾತು ನೀವು ಮುಗಿಸ್ಬೇಡಿ" ಎಂದು ಎಷ್ಟು ಸಲ ಹೇಳಿದ್ದರೋ. ತಲೆಯಾಡಿಸಿ ಹೊರಬಂದು, ಔಷಧಿ ಅಂಗಡಿಯಲ್ಲೇ ಮತ್ತೊಂದು ಮಾತು ಮುಗಿಸಿಕೊಟ್ಟಿದ್ದಳು. ಮಗಳು ಒದ್ದಾಡುವುದನ್ನು ನೋಡಲಾಗುತ್ತಿರಲಿಲ್ಲ, ಅಷ್ಟೇ.

"ಅಯ್ಯೋ ಅಕ್ಕ, ನೀವೇ ಹೇಳ್ಬಿಟ್ರಲ್ಲ" ಎಂದರು ಗ್ರಂಥಪಾಲಕರು, ಮೆಲ್ಲಗೆ.

ಪಿಂಚಣಿ ಮಾಮ ಎದ್ದೇ ನಿಂತರು. "ನಾನು ಅವತ್ತೇ ಬಡ್ಕೊಂಡೆ! ಮಗಳಿಗೆ ಸೀಟು ಬೇಕಿದ್ರೆ ಸುಮ್ನೆ ಕೊಟ್ಬಿಡ್ಬೇಕಿತ್ತು. ಈ ನಾಟಕ ಯಾಕೆ?"

ಒಂದಿಬ್ಬರು ಹೌದು ಹೌದೆಂದರು. ಮೈಕಕ್ಕ ಏನೆಂದು ಹೇಳಿಯಾಳು? ಮೋಸವಾಗಬಾರದೆಂದೇ ಹೊಸ ಪ್ರಶ್ನೆ ಕೇಳಿದೆ ಎನ್ನಲೇ? ಹಾಗೆಂದರೆ ಹಳೆಯ ಪ್ರಶ್ನೆಗಳ ಕಥೆ ಬಿಚ್ಚಬೇಕು. ಅವಳು ಮೈಕನ್ನು ಬಾಯಿಗೆ ಹಿಡಿದು, ರದ್ದಾದ ಬಸ್ಸಿನ ವಿಷಯ ಹೇಳುವ ದನಿಯಲ್ಲೇ ಹೇಳಿದಳು. "ಆಟ ನಡೆಸುವವರ ತಪ್ಪಿನಿಂದ ಈ ಉತ್ತರ ಲೆಕ್ಕಕ್ಕಿಲ್ಲ. ಬಸ್ಸಿನ ಸೀಟು ಎರಡನೇ ಮೇಜಿನ ಹುಡುಗನಿಗೆ."

ಚಪ್ಪಾಳೆ ಬಿತ್ತು. ಕನ್ನಡಕದ ಹುಡುಗ ಹಲ್ಲು ಕಿರಿಯುತ್ತಾ ಗೆಳೆಯರ ಹೆಗಲೇರಿದ. ಮಿಟ್ಟು ಮಾತ್ರ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಂತೇ ಇದ್ದಳು.

ಜನ ಇಳಿದುಹೋದ ಮೇಲೆ ತಾಯಿ, ಮಗಳು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಅತ್ತೆ ಮೂಲೆಯಲ್ಲಿ ಸೆರಗು ತಿರುಚುತ್ತಾ ಕೂತಿದ್ದರು. ಮೈಕಕ್ಕ ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟಳು.

"ಅಡುಗೆಮನೇಲಿ ನಾನು ಹೇಳ್ತಿದ್ದದ್ದು ಕೇಳಿಸ್ಕೊಂಡ್ಯಾ?"

ಮಗಳು ಹೌದೆಂದು ತಲೆಯಾಡಿಸಿದಳು.

"ಅದು ತಪ್ಪಲ್ವೇನೇ?"

ತಪ್ಪೆಂದು ಮತ್ತೆ ತಲೆಯಾಡಿಸಿದಳು. ಕೈಯಲ್ಲಿದ್ದ ಕುರ್ಚಿ ಇಳಿಸಿ, "ಪ್ರ... ಪ್ರಶ್ನೆ ಕೇಳಿಸ್ಕೊಂಡೆ. ಉತ್ತರ ನೀ... ನೀನು ಹೇಳ್ಲೇ ಇಲ್ವಲ್ಲಮ್ಮ" ಎಂದಳು.

ಮೈಕಕ್ಕ ವಾರವಿಡೀ ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿ ನೋಡಿದಳು. ಹೌದು, ಉತ್ತರಗಳನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಪ್ರಶ್ನೆ ಕೇಳುವುದಷ್ಟೇ ತಾನೇ ಅವಳ ಕೆಲಸ.

"ಉತ್ತರ ಅವಳಿಗೆ ಮೊದ್ಲಿಂದ್ಲೂ ಗೊತ್ತು ಕಣೇ" ಎಂದರು ಅತ್ತೆ ಮೂಲೆಯಿಂದ. "ಹೋದ್ವರ್ಷದ್ದೂ ಗೊತ್ತಿತ್ತು, ಅದಕ್ಕೂ ಹಿಂದಿಂದೂ ಗೊತ್ತಿತ್ತು. ಮನೆಗೆ ಬಂದು ನಂಗೆ ಒಬ್ಬಳಿಗೇ ಹೇಳೋಳು. ಈ ಸಲ ಯಾವ ಮಾತು ಬೇಕಾಗುತ್ತೆ ಅಂತ ಗೊತ್ತಾದ್ರೆ ಬಾಯಿಗೆ ರೂಢಿ ಮಾಡ್ಕೋತೀನಿ ಅಂದ್ಲು. ದಿನಾ ನನ್ನ ಮುಂದೆ ಕೂತು ಹೇಳಿದ್ದೇ ಹೇಳಿದ್ದು. ಹೀಲಿಯಂ ಹೀಲಿಯಂ ಅಂತ ನಂಗೇ ಕನಸಲ್ಲಿ ಬರೋಕೆ ಶುರುವಾಯ್ತು. ತಪ್ಪೇ ಇರ್ಬೋದು. ನಂಗೆ ಬೇಡ ಅನ್ನೋಕಾಗ್ಲಿಲ್ಲ."

ಮೈಕಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತಳು. ಕದ್ದ ಮಾಲು ಎಂದುಕೊಂಡಿದ್ದಳಲ್ಲ, ಅದು ಮಗಳದೇ ಮಾಲು. ಕದ್ದದ್ದು ಬಾಯಿಗೆ ರೂಢಿ ಮಾಡಿಕೊಳ್ಳಲು ಒಂದಿಷ್ಟು ಸಮಯ ಮಾತ್ರ. ಅದೂ ತಪ್ಪೇ, ಆ ಹುಡುಗನಿಗೆ ಅನ್ಯಾಯವೇ. ಆದರೆ ಕೊನೆಯ ಪ್ರಶ್ನೆಗೆ ಮಗಳು ಯಾವ ತಯಾರಿಯೂ ಇಲ್ಲದೆ, ಎಡವುತ್ತೇನೆಂದು ಗೊತ್ತಿದ್ದೂ ಗಂಟೆ ಒತ್ತಿದ್ದಳು.

"ನಾನು ಹೇಳ್ಬಾರ್ದಿತ್ತು ಪುಟ್ಟಾ" ಎಂದಳು ಮೈಕಕ್ಕ. "ನೀನು ಕಷ್ಟಪಡ್ತಿದ್ದೆ, ನೋಡೋಕಾಗ್ಲಿಲ್ಲ. ಸಮಯ ಬೇರೆ ಮುಗೀತಾ ಬಂದಿತ್ತು, ಮಾತು ಬರೋದೇ ಇಲ್ವೇನೋ ಅಂತ..."

ಮಗಳು ಏನೋ ಹೇಳಲು ಬಾಯಿ ತೆರೆದಳು. "ಬ..." ಎಂದಳು. ಕಣ್ಣು ಮುಚ್ಚಿದಳು. "ಬ... ಬ..."

ಮೈಕಕ್ಕನ ನಾಲಿಗೆಯ ತುದಿಗೆ ಆ ಮಾತು ಆಗಲೇ ಬಂದು ನಿಂತಿತ್ತು. ಅವಳು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಮಗಳ ಗದ್ದ ನಡುಗಿತು, ನರ ಉಬ್ಬಿತು. ಅತ್ತೆ ಸೆರಗು ತಿರುಚುವುದನ್ನು ಬಿಟ್ಟು ಮೊಮ್ಮಗಳನ್ನೇ ನೋಡಿದರು. ಕೆಳಗೆ ಗ್ರಂಥಪಾಲಕರು ಕಿಟಕಿ ಬಾಗಿಲು ಮುಚ್ಚುತ್ತಿದ್ದ ಸದ್ದು ಒಂದೊಂದಾಗಿ ಕೇಳಿತು.

"ಬರ್ತಿತ್ತು" ಎಂದಳು ಮಿಟ್ಟು. "ಬರ್ತಿತ್ತಮ್ಮ."