ಪರದೆಯ ಮೇಲಿನ ಅವ್ವ

ಬೆಟಗೇರಿಗೆ ಬಂದು ಮಹಬೂಬಸಾಬರ ಮನೆ ಯಾವುದೆಂದು ಕೇಳಿದರೆ ಹಳಬರು, “ಪರದಿ ಮಾಸ್ತರ ಮನಿ ಏನ್ರಿ?” ಎಂದು ತಿರುಗಿ ಕೇಳುತ್ತಿದ್ದರು. ನಾಟಕ ಕಂಪನಿಗಳಿಗೆ ರಂಗಪರದೆ ಬರೆದು ಬದುಕಿದ ಮನುಷ್ಯ ಅವರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂತ ಕಂಪನಿ ಎಲ್ಲಿ ಕ್ಯಾಂಪ್ ಹಾಕಿದರೆ ಅಲ್ಲಿಗೆ ಅವರ ಬಣ್ಣದ ಡಬ್ಬಿಗಳೂ ಹೋಗುತ್ತಿದ್ದವು. ಅರಮನೆಯನ್ನೂ ಬರೆದರು, ಕಾಡನ್ನೂ ಬರೆದರು, ಸ್ಮಶಾನವನ್ನೂ ಬರೆದರು. ಮುದುಕರಾಗಿ, ಕಣ್ಣು ಮಂಜಾಗಿ, ಒಂದು ದಿನ ತೀರಿಕೊಂಡರು. ಗದಗ ಹೊಸ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಅವರ ಮೊಮ್ಮಗಳು ಗುಲ್ನಾಜ ಆ ಮನೆಯ ದೊಡ್ಡ ಪಡಸಾಲೆಯನ್ನು ಭಾನುವಾರಗಳಂದು ಊರಿಗೆಲ್ಲ ತೆರೆದಿಟ್ಟಳು.

ಗುಲ್ನಾಜಳಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಮುಂದಿನ ಖೋಲಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವುದು ಅವಳ ಕೆಲಸ. ಬಂದವರೆಲ್ಲ, “ಪರದಿ ಮಾಸ್ತರ ಮೊಮ್ಮಗಳಲ್ಲ, ನಿನ್ನ ಕೈಯಾಗೂ ಅದು ಬಂದಿರಬೇಕಲ್ಲ?” ಎನ್ನುವಾಗ ಅವಳು ನಕ್ಕು, ಗದಗಿನ ಶಾಲೆಯೊಂದರ ಡ್ರಾಯಿಂಗ್ ಮಾಸ್ತರ ಸಂಜುವಿನ ಕಡೆ ಕೈ ತೋರಿಸುತ್ತಿದ್ದಳು. ಮುಂಜಾನೆ ಸಂಜು ಓಣಿಯ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ. ಅದು ಮುಗಿದ ಮೇಲೆ ಹಿರಿಯರು ಬಂದು ಜಮಖಾನೆಯ ಮೇಲೆ ಕುಳಿತು ಓಣಿಯ ಹಳೆಯ ಸಂಗತಿಗಳನ್ನು ಹೇಳುತ್ತಿದ್ದರು. ಯಾವ ಮನೆಯಲ್ಲಿ ಎಷ್ಟು ಮಗ್ಗ ಇದ್ದವು, ಯಾವ ಬಾವಿಯ ನೀರು ಬಣ್ಣ ಹಾಕಲು ಒಳ್ಳೆಯದು, ಯಾವ ಕಂಪನಿಯ ರಾಜಾಪಾರ್ಟಿನವನಿಗೆ ನಿಜವಾಗಿಯೂ ಕಿವಿ ಕೇಳುತ್ತಿರಲಿಲ್ಲ, ಇಂಥವು. ಒಳಮನೆಯ ಹೊಸ್ತಿಲಲ್ಲಿ ಗುಲ್ನಾಜಳ ಅಜ್ಜಿ ಬಾನುಬಿ ಅಡಿಕೆ ಕತ್ತರಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮಾತಾಡುತ್ತಿದ್ದುದು ಕಡಿಮೆ.

ಪಡಸಾಲೆಯ ಉದ್ದನೆಯ ಗೋಡೆಗೆ ಒಂದೇ ಒಂದು ಪರದೆ ತೂಗುತ್ತಿತ್ತು. ಕಂಪನಿಯೊಂದು ಮುಚ್ಚಿದಾಗ ಮನೆಗೆ ಮರಳಿ ಬಂದ ಬೀದಿಯ ಪರದೆ. ಅದರಲ್ಲಿದ್ದದ್ದು ಬೆಟಗೇರಿಯದೇ ಬೀದಿ. ಎಡಕ್ಕೆ ಮಿಠಾಯಿ ಅಂಗಡಿ, ನಡುವೆ ನಿಂತ ಚಕ್ಕಡಿ, ಬಲಕ್ಕೆ ನೀಲಿ ಬಾಗಿಲ ಮನೆ. ಆ ಬಾಗಿಲ ಕಟ್ಟೆಯ ಮೇಲೆ ಹಸಿರು ಸೀರೆ, ಕೆಂಪು ದಡಿಯ ಹೆಣ್ಣುಮಗಳೊಬ್ಬಳು ರಾಟಿಯ ಮುಂದೆ ಕುಳಿತು ಮಗ್ಗಕ್ಕೆ ಬೇಕಾದ ಕಂಡಿಕೆಗೆ ನೂಲು ಸುತ್ತುತ್ತ, ತಲೆ ಎತ್ತಿ ಬೀದಿಯ ಕಡೆ ನೋಡುತ್ತಿದ್ದಳು.

ನೇಕಾರ ಬಾಬಣ್ಣ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಆ ಪರದೆಯ ಮುಂದೆ ನಿಲ್ಲುತ್ತಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿರುತ್ತಿದ್ದ. ಅರವತ್ತು ದಾಟಿದ ಮನುಷ್ಯ, ಮಗ್ಗ ಬಿಟ್ಟು ಮಗನ ಬಟ್ಟೆ ಅಂಗಡಿಯಲ್ಲಿ ಕೂರುತ್ತಿದ್ದ. ಚಿತ್ರದ ಮೇಲೆ ಪ್ರೀತಿ ಎಂದುಕೊಂಡು ಗುಲ್ನಾಜ ಅವನಿಗಾಗಿ ಒಂದು ಖುರ್ಚಿ ಹಾಕಿಡತೊಡಗಿದಳು. ಅವನು ಅದರಲ್ಲಿ ಒಂದು ದಿನವೂ ಕೂರಲಿಲ್ಲ.

ಶ್ರಾವಣದ ಮೊದಲ ಭಾನುವಾರ ಮಾತು ಆ ನೀಲಿ ಬಾಗಿಲ ಮನೆಗೆ ಬಂತು.

“ಅದು ನಮ್ಮ ಮನಿ,” ಎಂದಳು ಬನಶಂಕರೆವ್ವ. ಅವಳೂ ನೇಕಾರರ ಮನೆಯವಳೇ, ಬಾಬಣ್ಣನಿಗಿಂತ ನಾಲ್ಕೈದು ವರ್ಷ ದೊಡ್ಡವಳು, ದನಿಯೂ ದೊಡ್ಡದು. “ನೀಲಿ ಬಣ್ಣ ನಮ್ಮಪ್ಪ ಹಚ್ಚಿಸಿದ್ದ. ಅಲ್ಲಿ ಕುಂತಾಕಿ ನಮ್ಮವ್ವ. ನೋಡ್ರಿ ಕುಂತ ಠೀವಿ!”

“ನಿಮ್ಮವ್ವ ಹೆಂಗಾದಾಳ?” ಎಂದ ಬಾಬಣ್ಣ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. “ಆಕಿ ನಮ್ಮವ್ವ. ಹಸರ ಸೀರಿ ನಮ್ಮವ್ವಂದು.”

“ಹಸರ ಸೀರಿ ಇಡೀ ಬೆಟಗೇರಿಯಾಗ ನಿಮ್ಮವ್ವ ಒಬ್ಬಾಕಿನ ಉಟ್ಟಿದ್ಲೇನೋ ಬಾಬ್ಯಾ?”

“ಮನಿ ನಿಮ್ಮದ ಇರವಲ್ದ್ಯಾಕ ಅಕ್ಕಾ, ಕುಂತಾಕಿ ನಮ್ಮವ್ವ!”

ಮಾತಿಗೆ ಮಾತು ಬೆಳೆಯಿತು. ಬನಶಂಕರೆವ್ವ ಎದ್ದು ಹೋಗಿ ಪರದೆಯ ಮೇಲಿನ ಹೆಣ್ಣುಮಗಳ ಮೂಗಿನ ಪಕ್ಕ ತನ್ನ ಮೂಗು ಹಿಡಿದು ತೋರಿಸಿದಳು. ಬಾಬಣ್ಣನ ಕುತ್ತಿಗೆಯ ನರ ಉಬ್ಬಿದವು. ಗುಲ್ನಾಜ ಚಹಾ ತರುತ್ತೇನೆಂದರೂ ಯಾರೂ ಕಿವಿಗೊಡಲಿಲ್ಲ. ಆಗ ಹೊಸ್ತಿಲಿನಿಂದ ಬಾನುಬಿಯ ದನಿ ಬಂತು.

“ಇಬ್ಬರೂ ಬಾಯಿ ಮುಚ್ಚರಿ. ಆಕಿ ಯಾರ ಅವ್ವನೂ ಅಲ್ಲ. ಅಂವ ಯಮನೂರಸಾಬ.”

ಎಲ್ಲರೂ ಹೊಸ್ತಿಲ ಕಡೆ ತಿರುಗಿದರು.

“ಪರದಿ ಎಳಿಯೋ ಯಮನೂರಸಾಬ, ಶಿರಹಟ್ಟಿಯಂವ,” ಎಂದಳು ಬಾನುಬಿ, ಅಡಕತ್ತರಿಯನ್ನು ಕೆಳಗಿಟ್ಟು. “ಆಗಿನ ಕಾಲಕ್ಕ ಯಾವ ಹೆಣ್ಣಮಗಳು ಚಿತ್ರಕ್ಕ ಕುಂಡ್ರಾಕ ಬರ್ತಿದ್ಲು? ನಾನು ಅವರ ಹೆಂಡ್ತಿ, ನಾನ ಒಲ್ಲೆ ಅಂದೆ. ಅದಕ್ಕ ಅವಂಗ ಸೀರಿ ಉಡಿಸಿ, ರಾಟಿ ಮುಂದ ಕುಂಡ್ರಿಸಿ ಬರದ್ರು. ಮೀಸಿ ಇತ್ತು. ಅದನ್ನ ಬಿಟ್ಟು ಬರದ್ರು.”

ಮೊದಲು ನಕ್ಕವಳು ಬನಶಂಕರೆವ್ವ. ಸೆರಗಿನಿಂದ ಕಣ್ಣು ಒರೆಸಿಕೊಂಡು, “ಅಯ್ಯ ಶಿವನ, ಮೀಸಿ ಇದ್ದಾಕಿನ್ನ ನಮ್ಮವ್ವ ಅಂದೆನಲ್ಲ ನಾ!” ಎಂದು ಮತ್ತೆ ನಕ್ಕಳು. ಜಮಖಾನೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಲ್ನಾಜಳಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ತಿರುಗಿದಾಗ ಬಾಬಣ್ಣ ಟೋಪಿ ಇಟ್ಟುಕೊಂಡು, ಕೈಯಲ್ಲಿ ಚಪ್ಪಲಿ ಹಿಡಿದು ಮೆಟ್ಟಿಲಿಳಿದು ಹೋಗುತ್ತಿದ್ದುದು ಕಂಡಿತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಖಾಲಿ ಖುರ್ಚಿಯನ್ನು ನೋಡಿ ಗುಲ್ನಾಜ ಅಜ್ಜಿಯ ಮುಂದೆ ಕುಳಿತಳು.

“ದಾದಿ, ಅದನ್ನ ಹೇಳದ ಇದ್ದಿದ್ರ ಏನಾಗ್ತಿತ್ತು?”

“ಅವರಿಬ್ಬರು ಬಡದಾಡ್ತಿದ್ರು.”

“ಬಡದಾಡಿ ಸುಮ್ಮನಾಗ್ತಿದ್ರು.”

ಬಾನುಬಿ ಕೈಯಲ್ಲಿದ್ದ ಅಡಿಕೆಯನ್ನು ಕತ್ತರಿಸಿ ಮುಗಿಸಿದಳು. ಆಮೇಲೆ, “ಅಂವ ನಗತಾನ ಅಂತ ತಿಳದಿದ್ದೆ,” ಎಂದಳು.

ಗುಲ್ನಾಜ ಆ ಸಂಜೆಯೇ ಬಾಬಣ್ಣನ ಮನೆಗೆ ಹೋದಳು. ನೇಕಾರ ಓಣಿಯಲ್ಲಿ ಈಗ ವಿದ್ಯುತ್ ಮಗ್ಗಗಳದ್ದೇ ಸದ್ದು. ಎರಡು ಮನೆಯಿಂದ ಆ ಸದ್ದು ಬಂದರೆ ಮೂರನೆಯದರಿಂದ ಟಿವಿಯ ಸದ್ದು. ಬಾಬಣ್ಣ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಸೊಸೆ ವಿದ್ಯಾಶ್ರೀ, “ಒಳಗ ಬರ್ರಿ ಅಕ್ಕಾರ, ಕುಂಡ್ರಿ,” ಎಂದು ಚಾಪೆ ಹಾಸಿದಳು. ಗೋಡೆಯ ಮೇಲೆ ಹಿರಿಯರ ಫೋಟೋಗಳ ಸಾಲು ಇತ್ತು. ಬಾಬಣ್ಣನ ಅಪ್ಪ, ಅಜ್ಜ, ದೊಡ್ಡಪ್ಪ, ಪೇಟ ಸುತ್ತಿದ ಇನ್ಯಾರೋ. ಹೆಂಗಸರ ಫೋಟೋ ಒಂದೇ, ಬಾಬಣ್ಣನ ತೀರಿಹೋದ ಹೆಂಡತಿಯದು.

“ನಿಮ್ಮ ಮಾವಾರ ಅವ್ವಂದು ಫೋಟೋ ಇಲ್ಲೇನು?” ಎಂದು ಗುಲ್ನಾಜ ಕೇಳಿದಳು.

“ಒಂದೂ ಇಲ್ಲರಿ. ಫೋಟೋ ತಗಿಸಿದ್ರ ಆಯುಷ್ಯ ಕಡಿಮಿ ಆಗ್ತೈತಿ ಅಂತ ಹಿರಿಯಾರಿಗೆ ಹೆದರಿಕಿ. ತಗಿಸಲೇ ಇಲ್ಲ. ತಗಿಸದಿದ್ರೂ ಆಕಿ ಬಾಳ ದಿನ ಉಳೀಲಿಲ್ಲ. ಮಾವಾರಿಗೆ ಆಗ ಎಂಟೋ ಒಂಬತ್ತೋ ವರ್ಷ.” ವಿದ್ಯಾಶ್ರೀ ದನಿ ಇಳಿಸಿದಳು. “ಹಿರಿಯಾರ ಹಬ್ಬದಾಗ ಎಲ್ಲಾರಿಗೂ ಫೋಟೋ ಮುಂದ ಎಡಿ ಇಡ್ತೀವಿ. ಆಕಿಗೆ ಮಾತ್ರ ಒಂದು ಹಸರ ಸೀರಿ ಮಡಚಿಟ್ಟು ಅದರ ಮುಂದ. ಹೋದ ವರ್ಷ ಮಾವಾರು ನನ್ನ ಮಕ್ಕಳನ್ನ ಕರಕೊಂಡು ನಿಮ್ಮನಿಗೆ ಬಂದಿದ್ರಲ್ರಿ? ನಿಮ್ಮ ಮುತ್ತಜ್ಜಿನ್ನ ತೋರಸ್ತೀನಿ ಬರ್ರಿ ಅಂತ ಕರಕೊಂಡು ಬಂದಿದ್ರು.”

ಆ ದಿನ ಮಕ್ಕಳು ಪರದೆಗೆ ಕೈ ಮುಗಿದದ್ದನ್ನು ಗುಲ್ನಾಜ ನೋಡಿದ್ದಳು. ಬಾಬಣ್ಣ ಕಲೆಗೆ ಗೌರವ ಕಲಿಸುತ್ತಿದ್ದಾನೆ ಎಂದುಕೊಂಡಿದ್ದಳು.

ಬಾಬಣ್ಣ ಬಂದವನು ಅವಳನ್ನು ಕಂಡು ಬಾಗಿಲಲ್ಲೇ ನಿಂತ. ಗುಲ್ನಾಜ ಎದ್ದಳು.

“ಕಾಕಾ, ನಾನೂ ನಕ್ಕೆ. ತಪ್ಪಾತು.”

“ನಗೂ ಮಾತಿಗೆ ಎಲ್ಲಾರೂ ನಗತಾರವ್ವಾ. ನಿಂದೇನು ತಪ್ಪು?”

“ಸಂಜು ಸರ್ ಅದಾರ. ನೀವು ಹೇಳ್ರಿ, ನಿಮ್ಮವ್ವ ಹೆಂಗಿದ್ರು ಅಂತ. ಅವರು ಬರೀತಾರ.”

“ಆ ಹುಡುಗ ನಮ್ಮವ್ವನ್ನ ನೋಡ್ಯಾನೇನು?”

“ಅವರು ನೋಡಿಲ್ಲ. ನೀವು ನೋಡೀರಲ್ಲ?”

ಬಾಬಣ್ಣ ಟೋಪಿ ತೆಗೆದು ಗೂಟಕ್ಕೆ ಹಾಕಿ ಒಳಗೆ ಹೋದ. ಆದರೆ ಭಾನುವಾರ ಬಂದ. ಪರದೆಗೆ ಬೆನ್ನು ಮಾಡಿ ಖುರ್ಚಿಯಲ್ಲಿ ಕುಳಿತ.

ಸಂಜು ತಾಳ್ಮೆಯವನು. ಮುಖ ಗುಂಡಗೋ ಉದ್ದಕ್ಕೋ, ಹಣೆ ಎಷ್ಟು ಅಗಲ, ಮೂಗುತಿ ಯಾವ ಕಡೆ ಎಂದು ಒಂದೊಂದೇ ಕೇಳುತ್ತ ಪೆನ್ಸಿಲ್ ಆಡಿಸಿದ. ಮೊದಲ ಚಿತ್ರ ನೋಡಿ ಬಾಬಣ್ಣ, “ಈಕಿ ಯಾರೋ ಸಿನಿಮಾದಾಕಿ,” ಎಂದ. ಎರಡನೆಯದಕ್ಕೆ, “ಇದು ಬನಶಂಕರೆಕ್ಕನ ಮಾರಿ,” ಎಂದ. ಪಕ್ಕದಲ್ಲೇ ಕುಳಿತಿದ್ದ ಬನಶಂಕರೆವ್ವ, “ನನ್ನ ಮಾರಿಗೇನಾಗೈತೋ?” ಎಂದಳು. ಹೀಗೆ ಕೆಲವು ಭಾನುವಾರ ಕಳೆದವು. ಕಿವಿ ಸಣ್ಣದಾಯಿತು, ದೊಡ್ಡದಾಯಿತು. ರಬ್ಬರು ಸವೆಯಿತು. ಕೊನೆಗೊಮ್ಮೆ ಸಂಜು, “ಕಾಕಾರ, ಕಣ್ಣು ಮುಚ್ಚಿ ಒಂದು ಸರ್ತಿ ನೆನಿಸಿಕೊಳ್ರಿ,” ಎಂದ.

ಬಾಬಣ್ಣ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು.

“ಬರವಲ್ದು,” ಎಂದ. “ಮಾರಿ ಬರವಲ್ದು. ಕಣ್ಣು ಮುಚ್ಚಿದ್ರ ಆ ಪರದಿನ ಬರ್ತೈತಿ. ಅದನ್ನ ನೋಡಿ ನೋಡಿ, ಇದ್ದಷ್ಟು ನೆನಪೂ ಅಳಿಸಿ ಹೋತು.”

ಗುಲ್ನಾಜಳಿಗೆ, ಇವನ ಮನೆಗೆ ಹೋಗಿ ಕರೆದು ತಂದದ್ದೇ ಅನ್ಯಾಯವಾಯಿತೇನೋ ಎನ್ನಿಸಿತು. ಪರದೆ ಇದ್ದಾಗ ಸುಳ್ಳಾದರೂ ಒಂದು ಮುಖ ಇತ್ತು. ಈಗ ಅದೂ ಇಲ್ಲ.

ಬಾನುಬಿ ಗೋಡೆ ಹಿಡಿದು ಎದ್ದು, ನಿಧಾನವಾಗಿ ಬಂದು ಅವನ ಎದುರು ಜಮಖಾನೆಯ ಮೇಲೆ ಕುಳಿತಳು.

“ಮಾರಿ ಹೋಗಲಿ, ಬಾಬಣ್ಣ. ನಮ್ಮ ಅಮ್ಮಾನ ಮಾರಿ ನನಗೂ ನೆಟ್ಟಗ ನೆನಪಿಲ್ಲ. ಮತ್ತೇನು ನೆನಪೈತಿ?”

“ಮತ್ತೇನು, ಚಾಚಿ? ಸಣ್ಣಂವ ಇದ್ದೆ.”

“ಸಣ್ಣಂವ ಎಲ್ಲಿ ಕುಂಡ್ರತಿದ್ದಿ?”

“ಆಕಿ ಬಾಜೂಕ. ಆಕಿ ಕಂಡಿಕಿ ಸುತ್ತತಿದ್ಲು, ನಾ ರಾಟಿ ಬಾಜೂಕ ಕುಂಡ್ರತಿದ್ದೆ.” ಬಾಬಣ್ಣ ಕಣ್ಣು ಒರೆಸಿಕೊಂಡ. “ನನಗ ಕಾಣತಿದ್ದದ್ದು ಆಕಿ ಕೈ. ಬಲಗೈ ರಾಟಿ ಮ್ಯಾಲ. ಎಡಗೈಯಾಗ ನೂಲು. ಕಿರಿಬೆರಳು ಯಾವಾಗಲೂ ಹಿಂಗ ಹೊರಗ ಚಾಚಿರತಿತ್ತು, ಅದಕ್ಕ ನೂಲು ತಾಗಬಾರದು ಅಂತ. ಅಲ್ಲಿ ಗಾಯ ಆಗಿ ಮಡಚಾಕ ಬರ್ತಿರಲಿಲ್ಲ. ಉಗುರಿನ ಸಂದ್ಯಾಗ ಹಸರ ಬಣ್ಣ. ನಾ ಜಗ್ಗಿ ಕಾಡಿಸಿದ್ರ ಆ ಕಿರಿಬೆರಳಲೇ ತಲಿಗೆ ಒಂದು ಹೊಡೀತಿದ್ಲು. ನೋವಾಗ್ತಿರಲಿಲ್ಲ.”

ಅವನ ಎಡಗೈ ತಾನಾಗಿಯೇ ಮೇಲೆದ್ದು, ಕಾಣದ ನೂಲೊಂದನ್ನು ಹಿಡಿದಿತ್ತು.

ಸಂಜು ಹೊಸ ಹಾಳೆ ತೆಗೆದ. ಬನಶಂಕರೆವ್ವ ತನ್ನ ಮನೆಯ ಅಟ್ಟದ ಮೇಲಿದ್ದ ಹಳೆಯ ರಾಟಿಯನ್ನು ತರುತ್ತೇನೆಂದು ಹೊರಟೇಬಿಟ್ಟಳು. ಆಟೋದಲ್ಲಿ ರಾಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿಳಿದಾಗ ಅವಳ ಸೀರೆಯೆಲ್ಲ ಧೂಳು. ರಾಟಿಯ ಮುಂದೆ ಯಾರು ಕೂರಬೇಕು ಎಂಬ ಮಾತು ಬಂತು. ಬಾಬಣ್ಣ ಗುಲ್ನಾಜಳ ಕಡೆ ನೋಡಿದ.

“ನಮ್ಮವ್ವ ನಿನ್ನಷ್ಟ ವಯಸ್ಸಿನಾಕಿ ಇದ್ಲು,” ಎಂದ.

ಗುಲ್ನಾಜ ಕುಳಿತಳು. ಕತ್ತರಿ ಹಿಡಿದು ಹೆಬ್ಬೆರಳ ಬುಡ ಗಟ್ಟಿಯಾದ ಕೈ ಅವಳದು. ನೇಕಾರರ ಕೈಯಂತಿರಲಿಲ್ಲ. ಬಾಬಣ್ಣ ನೆಲದ ಮೇಲೆ, ರಾಟಿಯ ಪಕ್ಕಕ್ಕೆ, ಮೊಣಕಾಲು ಮಡಚಿಕೊಂಡು ಕುಳಿತ. “ಮುಂಗೈ ಇಳಸು. ಇನ್ನಷ್ಟು. ನೂಲು ಬಿಗಿ ಹಿಡೀಬ್ಯಾಡ, ಅದು ಓಡಬೇಕು. ಕಿರಿಬೆರಳು... ಹಾಂ, ಅಲ್ಲೇ ಇರಲಿ.” ಅವಳ ಕೈ ಸೋಲುವವರೆಗೂ ಸಂಜು ಬರೆದ. ರಾಟಿ ಕಿರಗುಟ್ಟುತ್ತಿತ್ತು. ಚಿತ್ರ ಕಲಿಯಲು ಬಂದ ಮಕ್ಕಳೂ ಗದ್ದಲ ಮರೆತು ನೋಡುತ್ತಿದ್ದರು. ತನ್ನ ಕೈ ತನ್ನದಲ್ಲದ ಹಾಗೆ ಗುಲ್ನಾಜಳಿಗೆ ಅನ್ನಿಸಿತು. ಅದರಿಂದ ಅವಳಿಗೆ ಅಳುಕಾಗಲಿಲ್ಲ.

ಸಂಜು ಹಾಳೆ ತಿರುಗಿಸಿ ತೋರಿಸಿದ. ಮುಖವಿಲ್ಲ, ಮೈಯಿಲ್ಲ. ಎರಡು ಕೈ, ರಾಟಿಯ ಅಂಚು, ಓಡುವ ನೂಲು.

ಬಾಬಣ್ಣ ಹಾಳೆಯನ್ನು ದೂರ ಹಿಡಿದು ನೋಡಿದ, ಹತ್ತಿರ ತಂದು ನೋಡಿದ.

“ಉಗುರಿಗೆ ಹಸರ ಹಚ್ಚಲಿಲ್ಲ ನೀ,” ಎಂದ ಸಂಜುವಿಗೆ.

ಸಂಜು ಬಣ್ಣದ ಪೆಟ್ಟಿಗೆಯನ್ನೇ ಅವನ ಕೈಗೆ ಕೊಟ್ಟ. ಬಾಬಣ್ಣ ಕುಂಚದ ತುದಿಯನ್ನು ಹಸಿರಿನಲ್ಲಿ ಅದ್ದಿ, ಉಸಿರು ಹಿಡಿದು, ಒಂದೊಂದೇ ಉಗುರಿನ ಸಂದಿಗೆ ತಾಗಿಸಿದ. ಒಂದು ಕಡೆ ಸ್ವಲ್ಪ ಹೊರಗೆ ಹರಿಯಿತು. “ಇರಲಿ,” ಎಂದ. “ಆಕಿಗೂ ಹಂಗ ಹರೀತಿತ್ತು.”

ಆಮೇಲೆ ಬಾಬಣ್ಣ ಓಣಿಯ ಸಂಗತಿ ಹೇಳಲು ಬರುವವರಲ್ಲಿ ಒಬ್ಬನಾದ. ಸುದ್ದಿ ಹೇಗೆ ಹಬ್ಬಿತೋ, ಕಳಸಾಪುರದ ಪುಂಡಲೀಕಪ್ಪ ಎಂಬ ರೈತನೊಬ್ಬ ಬಂದು ತನ್ನ ಅಣ್ಣನ ಚಿತ್ರವಿಲ್ಲ, ಅವನು ಹೆಗಲ ಮೇಲೆ ನೊಗ ಹೊತ್ತು ಬರುತ್ತಿದ್ದ ರೀತಿ ಮಾತ್ರ ನೆನಪಿದೆ ಎಂದ. ತುಂಗಭದ್ರೆಯ ದಂಡೆಯ ಹಮ್ಮಿಗಿಯಿಂದ ಇಬ್ಬರು ಅಕ್ಕತಂಗಿಯರು ಮುಂಡರಗಿ ಬಸ್ಸು ಹಿಡಿದು ಬಂದರು. ಅವರಿಗೆ ಅಪ್ಪನ ಬೆನ್ನು ನೆನಪಿತ್ತು, ದೋಣಿಗೆ ಹುಟ್ಟು ಹಾಕುವಾಗಿನ ಬೆನ್ನು. ಸಂಜುವಿಗೆ ಕೆಲಸ ಹೆಚ್ಚಾಯಿತು. ಗುಲ್ನಾಜ ಬಂದವರಿಗೆ ಮೊದಲು ಚಹಾ ಕೊಟ್ಟು, ಅವಸರ ಮಾಡದೆ, “ಎಲ್ಲಿ ಕುಂಡ್ರತಿದ್ರಿ ನೀವು?” ಎಂದು ಕೇಳುವುದನ್ನು ರೂಢಿ ಮಾಡಿಕೊಂಡಳು. ಅದು ಅಜ್ಜಿಯಿಂದ ಕಲಿತದ್ದು.

ಆ ವರ್ಷ ಹಿರಿಯರ ಹಬ್ಬದ ದಿನ ಬಾಬಣ್ಣನ ಗೋಡೆಯ ಸಾಲಿನಲ್ಲಿ ಗಾಜು ಹಾಕಿಸಿದ ಹೊಸ ಚಿತ್ರವೊಂದಕ್ಕೂ ಹೂವು ಬಿತ್ತು. ಮಧ್ಯಾಹ್ನ ವಿದ್ಯಾಶ್ರೀ ಮಕ್ಕಳನ್ನು ಕರೆದುಕೊಂಡು, ಡಬ್ಬಿಯ ತುಂಬ ಹೋಳಿಗೆ ಹಿಡಿದು ಪರದೆ ಮಾಸ್ತರರ ಮನೆಗೆ ಬಂದಳು. ಬಾನುಬಿ ಒಂದನ್ನು ತುಪ್ಪದಲ್ಲಿ ಅದ್ದಿ, ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಆಡಿಸಿ ನುಂಗಿದಳು.

“ಬೆಲ್ಲ ಸ್ವಲ್ಪ ಕಮ್ಮಿ ಆಗೇತಿ,” ಎಂದಳು. ಅನ್ನುತ್ತಲೇ ಇನ್ನೊಂದಕ್ಕೆ ಕೈ ಚಾಚಿದಳು.