ಚೀಟಿಯ ಮೂರನೆಯ ಸಾಲು

ಸಂಗೀತ ಭಂಡಾರದಲ್ಲಿ ಮೂವತ್ತು ವರ್ಷದಿಂದ ಟೇಪುಗಳ ಜೊತೆ ಬಾಳುವೆ ಮಾಡಿದ್ದಕ್ಕೆ ಅವನಿಗೆ ಟೇಪಣ್ಣ ಎಂದೇ ಹೆಸರು. ಸ್ವಂತ ಹೆಸರು ಹಿಡಿದು ಕೂಗಿದರೆ, ಯಾರನ್ನು ಕರೆಯುತ್ತಿದ್ದಾರೆ ಎಂದು ಅವನೇ ಹಿಂದೆ ತಿರುಗಿ ನೋಡುತ್ತಿದ್ದ. ಪ್ರತಿ ಡಬ್ಬಿಯೊಳಗೂ ಅವನು ಬರೆದಿಟ್ಟ ಒಂದು ಚೀಟಿ, ಚೀಟಿಯಲ್ಲಿ ಮೂರು ಸಾಲು: ಗತಿ, ಶ್ರುತಿ, ಭಾವ. ಮೊದಲೆರಡಕ್ಕೆ ಕಿವಿ ಸಾಕು, ಮೂರನೆಯದಕ್ಕೆ ಎದೆ ಬೇಕು ಎಂದು ಜಂಬ ಕೊಚ್ಚುತ್ತಿದ್ದ.

ಒಂದು ಡಬ್ಬಿ ಮಾತ್ರ ಯಾವಾಗಲೂ ಅವನ ಮೇಜಿನ ಮೇಲೇ ಇರುತ್ತಿತ್ತು. 'ಗತಿ: ತುಸು ನಿಧಾನ. ಶ್ರುತಿ: ಸಿ. ಭಾವ: ಒಂಟಿತನ.' ಅದರಲ್ಲಿದ್ದ ವಾದ್ಯವೃಂದದ ಟೇಪಿನಲ್ಲಿ ಕೊಳಲು ನುಡಿಸಿದವಳು ಅವನ ಹೆಂಡತಿ. ರೆಕಾರ್ಡಿಂಗ್ ಇದ್ದ ದಿನ ಬೆಳಗ್ಗೆ ತಟ್ಟೆ ತೊಳೆಯುತ್ತಾ, "ರೆಕಾರ್ಡಿಂಗ್ ಮುಗಿದ್ಮೇಲೆ ನಾನು ಮನೆಗೆ ಬರಲ್ಲ" ಎಂದಿದ್ದಳು. ಬರಲೂ ಇಲ್ಲ. ಆದರೆ ಟೇಪಿನಲ್ಲಿ ಆ ಕೊಳಲು ಅಳುತ್ತಿತ್ತಲ್ಲ! ಬಿಟ್ಟು ಹೋಗುವಾಗ ಅವಳಿಗೂ ಸಂಕಟವಾಗಿತ್ತು ಎನ್ನುವ ಅದೊಂದೇ ಸಮಾಧಾನದಲ್ಲಿ ಟೇಪಣ್ಣ ಇಷ್ಟು ವರ್ಷ ದಿನ ದೂಡಿದ್ದ.

ಮೊನ್ನೆ ಮಧ್ಯಾಹ್ನ ಅದೇ ವಾದ್ಯವೃಂದದ ಈಗಿನ ಕೊಳಲಿನ ಹುಡುಗಿ ಕೊಳಲು ಹಿಡಿದೇ ಬಂದಳು.

"ಟೇಪಣ್ಣ, ನೀವು ಕೊಟ್ಟ ಈ ಡಬ್ಬಿಯ ಟೇಪಿನ ಪ್ರತಿ ಜೊತೆ ನುಡಿಸಿ ನುಡಿಸಿ ತಲೆ ಕೆಟ್ಟೋಯ್ತು, ಕೂಡ್ತಾನೇ ಇಲ್ಲ. ಹಳೇ ಸ್ವರಲಿಪಿ ಸಿಕ್ಕಿದೆ ನೋಡಿ. ಶ್ರುತಿ ಡಿ ಅಂತಿದೆ, ಟೇಪು ಒಂದು ಸ್ವರ ಕೆಳಗಿದೆ. ಚುರುಕಾಗಿ ನುಡಿಸಬೇಕು ಅಂತ ಬೇರೆ ಬರೆದಿದಾರೆ!"

"ನನಗೇ ಪಾಠ ಹೇಳ್ತೀಯೇನಮ್ಮ?" ಎಂದವನು ಕಾಗದವನ್ನು ಎರಡು ಸಲ ಓದಿದ.

ಅಂದು ಯಂತ್ರ ನಡೆಸಿದ್ದು ಅವನೇ. ಬೆಳಗ್ಗೆ ಅವಳು ಅಂದದ್ದೇ ತಲೆಯಲ್ಲಿ ತಿರುಗುತ್ತಿತ್ತು, ನುಡಿಸಿದ್ದು ಕಿವಿಗೇ ಬಿದ್ದಿರಲಿಲ್ಲ, ವೇಗದ ಗುಂಡಿಯನ್ನು ಹೆಚ್ಚೇ ತಿರುಗಿಸಿರಬೇಕು. ಯಂತ್ರ ಜೋರಾಗಿ ಓಡುವಾಗ ಮುದ್ರಿಸಿದ್ದನ್ನು ಆಮೇಲೆ ಸರಿಯಾದ ವೇಗದಲ್ಲಿ ಕೇಳಿದರೆ ಎಳೆದೆಳೆದು, ಇಳಿದ ಶ್ರುತಿಯಲ್ಲಿ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತ ಪಾಠ.

ಸ್ವರಲಿಪಿಯೇ ತಪ್ಪು ಎಂದಿದ್ದರೆ ಹುಡುಗಿ ನಂಬಿ ಹೋಗುತ್ತಿದ್ದಳು. ಮಾತು ನಾಲಗೆ ತುದಿಗೂ ಬಂದಿತ್ತು. ಆದರೆ ಹಾಳು ಕಿವಿ, ಸುಳ್ಳು ಶ್ರುತಿಯನ್ನು ಇನ್ನು ಸಹಿಸುವಂತಿರಲಿಲ್ಲ.

ಟೇಪನ್ನು ಯಂತ್ರಕ್ಕೆ ಹಾಕಿ, "ಡಿ ಊದಮ್ಮ" ಎಂದ. ಅವಳು ಊದಿದಳು. ಅವಳ ಕೊಳಲೂ ಟೇಪೂ ಕೂಡುವ ತನಕ ಅವನು ವೇಗದ ಗುಂಡಿ ತಿರುಗಿಸಿದ.

ಟೇಪಿನ ಕೊಳಲು ಶಾಲೆ ಬಿಟ್ಟ ಮಗುವಿನ ಹಾಗೆ ಓಡತೊಡಗಿತು. ಅದರಲ್ಲಿ ಅಳುವಿನ ಸುಳಿವೇ ಇರಲಿಲ್ಲ. ಅವಳು ಖುಷಿಯಾಗಿದ್ದಳು, ಹೋಗುತ್ತಿದ್ದೇನೆ ಎಂದೇ ಖುಷಿಯಾಗಿದ್ದಳು. ಇಷ್ಟು ವರ್ಷ ಜೊತೆಗಿದ್ದ ಅವಳ ದುಃಖವೂ ಈಗ ಟೇಪಣ್ಣನನ್ನು ಬಿಟ್ಟು ಹೋಗಿತ್ತು.

ಚೀಟಿ ತೆಗೆದು ಗತಿ ತಿದ್ದಿದ, ಶ್ರುತಿ ತಿದ್ದಿದ. ಮೂರನೆಯ ಸಾಲಿಗೆ ಬಂದು ಪೆನ್ನು ನಿಂತಿತು.

"ಎಷ್ಟು ಸಂತೋಷವಾಗಿ ನುಡಿಸಿದಾರೆ ಅಲ್ವಾ!" ಹುಡುಗಿ ಕೇಳಿದಳು. "ಯಾರಣ್ಣ ಇವರು? ನಿಮಗೆ ಗೊತ್ತಾ?"

"ಗೊತ್ತು ಅಂದ್ಕೊಂಡಿದ್ದೆ ಕಣಮ್ಮ."

ಒಂಟಿತನಕ್ಕೆ ಗೀಟು ಎಳೆದು 'ಸಂತೋಷ' ಎಂದು ದುಂಡಗೆ ಬರೆದ. ಆಮೇಲೆ ಏಣಿ ಹತ್ತಿ, ಆ ಡಬ್ಬಿಯನ್ನೂ ಉಳಿದ ಡಬ್ಬಿಗಳ ಸಾಲಿಗೆ ಸೇರಿಸಿದ.