ಸಾಟಿ ಸೊಸೆಯ ಎಂ.ಎ.

ನನ್ನದೂ ಭಾಗ್ಯಾಳದೂ ಮದುವೆ ಒಂದೇ ಹಂದರದಲ್ಲಿ ಆಯಿತು. ಅವಳ ಅಣ್ಣ ಮಹೇಶನಿಗೆ ನನ್ನನ್ನು ಕೊಟ್ಟರು, ನನ್ನ ಅಣ್ಣ ಸುನೀಲನಿಗೆ ಅವಳನ್ನು ತಂದುಕೊಂಡರು. ಇದಕ್ಕೆ ನಮ್ಮ ಕಡೆ ಸಾಟಿ ಮದುವೆ ಎನ್ನುತ್ತಾರೆ, ಹೆಣ್ಣು ಕೊಟ್ಟು ಹೆಣ್ಣು ತರುವುದು. ನಾನು ಹಿಡಕಲ್ಲಿನಿಂದ ಮಸಗುಪ್ಪಿಗೆ ಹೋದೆ, ಅವಳು ಮಸಗುಪ್ಪಿಯಿಂದ ಹಿಡಕಲ್ಲಿಗೆ ಬಂದಳು. ಇದಕ್ಕಿಂತ ಭದ್ರವಾದ ಬೀಗತನ ಇಲ್ಲವೆಂದು ಎರಡೂ ಮನೆಯ ಗಂಡಸರು ಮೀಸೆ ತಿರುವಿದರು.

ಭದ್ರ ಯಾಕೆಂದರೆ, ಅಲ್ಲಿ ಅವಳಿಗೆ ಆದದ್ದು ಇಲ್ಲಿ ನನಗೂ ಆಗಬೇಕು. ಮದುವೆಯಾದ ವರ್ಷವೇ ಸುನೀಲ ಯಾವುದೋ ಮಾತಿಗೆ ಭಾಗ್ಯಾಳ ಕಪಾಳಕ್ಕೆ ಹೊಡೆದ. ಅವಳು ತನ್ನ ತಾಯಿ ಶೆಟ್ಟೆವ್ವನಿಗೆ ಫೋನು ಮಾಡಿದಳು. ಶೆಟ್ಟೆವ್ವ ಫೋನು ಇಟ್ಟು ಮಗನ ಮುಖ ನೋಡಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಮಹೇಶ ಅಡುಗೆಮನೆಗೆ ಬಂದು, "ಕಸ್ತೂರಿ, ಒಂದ ಸ್ವಲ್ಪ ಎದ್ದ ನಿಂದರು" ಎಂದ. ಎದ್ದು ನಿಂತೆ. ಹೊಡೆದ. ಆಮೇಲೆ ಕೂತು ಅದೇ ರೊಟ್ಟಿಯನ್ನು ಪುಂಡಿಪಲ್ಯ ಹಚ್ಚಿಕೊಂಡು ಉಂಡ. ಸಿಟ್ಟಿಲ್ಲದೆ ಹೊಡೆಯುವ ಗಂಡಸನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಸಿಟ್ಟಿನವನಾದರೆ ಸಿಟ್ಟು ಇಳಿದ ಮೇಲೆ ಸಿಗುತ್ತಾನೆ, ಇಂಥವನು ಸಿಗುವುದೇ ಇಲ್ಲ.

ಮಾತುಕತೆಯಾದಾಗ ಎರಡೂ ಕಡೆಯಿಂದ ಒಂದೊಂದು ಕರಾರು ಇತ್ತು. ಭಾಗ್ಯಾಳನ್ನು ಮುಂದೆ ಓದಿಸಬೇಕು, ಇದು ಅವರದು. ನನ್ನನ್ನು ಪ್ರತಿ ವರ್ಷ ಪಂಚಮಿ ಹಬ್ಬಕ್ಕೆ ತವರಿಗೆ ಕಳಿಸಬೇಕು, ಇದು ನಮ್ಮದು. ಕೇಳುವ ಹೊತ್ತಿನಲ್ಲೇ ನಮ್ಮವರ ಬುದ್ಧಿ ಎಲ್ಲಿತ್ತು ನೋಡಿ.

ಭಾಗ್ಯಾ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ.ಗೆ ಸೇರಿದಳು. ಗೋಕಾಕದಲ್ಲಿ ಪಿ.ಜಿ. ಸೆಂಟರ್ ಇತ್ತು, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸು. ನನ್ನಪ್ಪ ಸತ್ತೆಪ್ಪ ಡ್ಯಾಮಿನ ಗೇಟಿನ ಕೆಲಸದವನು. ಮಾತು ಕೊಟ್ಟಾಗಿತ್ತು, ಸುಮ್ಮನಿದ್ದ. ಅವ್ವ ಮರೆವ್ವ ಮಾತ್ರ ಬಿಡುತ್ತಿರಲಿಲ್ಲ.

"ಅದನ್ನ ಓದಿ ಏನ ಮಾಡ್ತಿ? ಪಾಕಿಸ್ತಾನದ ಜೋಡಿ ಮಾತಾಡ್ತಿ ಏನು?"

"ನಿಮ್ಮ ಜೋಡಿ ಮಾತಾಡಿ ರೂಢಿ ಆಗೇತ್ರಿ ಅತ್ತಿ. ಅವರೇನ ದೊಡ್ಡ ಮಾತು!"

ಹಾಗಿತ್ತು ಬಾಯಿ. ಅವಳೆಂದರೆ ನನಗೆ ಇಷ್ಟವಿತ್ತು, ಸುಳ್ಳು ಯಾಕೆ ಹೇಳಲಿ. ಬಸ್ಸಿನಲ್ಲಿ ಕೂತು ನನಗೆ ಫೋನು ಹಚ್ಚುವಳು, ಅವತ್ತಿನ ಪಾಠವನ್ನು ಕತೆಯಂತೆ ಹೇಳುವಳು. ನಾನು ಎಮ್ಮೆಗೆ ಕಣಿಕೆ ಹಾಕುತ್ತಾ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಗಿಸಿಕೊಂಡು ಕೇಳುತ್ತಿದ್ದೆ. ಹಿಂದಿನ ಕಾಲದಲ್ಲಿ ಒಪ್ಪಂದ ಮಾಡಿಕೊಂಡ ರಾಜರು ತಮ್ಮ ಮಕ್ಕಳನ್ನು ಒಬ್ಬರ ಅರಮನೆಯಲ್ಲಿ ಒಬ್ಬರು ಬಿಡುತ್ತಿದ್ದರಂತೆ. ಒತ್ತೆಯಾಳು ಅಂತ.

"ಆ ಹುಡುಗರಿಗೆ ಹೊಟ್ಟಿ ತುಂಬ ಊಟ ಹಾಕ್ತಿದ್ರೇನ?" ಎಂದೆ ನಾನು.

"ಛಲೋ ಹಾಕ್ತಿದ್ರು. ಕರಾರು ಮುರಿಯೂ ತನಕ."

ಇಬ್ಬರೂ ನಕ್ಕೆವು. ಆಮೇಲೆ ಅವಳು ಬರೆಯುತ್ತಿದ್ದ ಪ್ರಬಂಧದಲ್ಲಿ ನಮ್ಮ ಸಾಟಿ ಮದುವೆಯನ್ನೂ ಒಂದು ಅಧ್ಯಾಯ ಮಾಡಿದಳು. ರೊಟ್ಟಿ ಬಡಿಯುವಾಗ ನನಗೆ ಬಿದ್ದ ಏಟೂ ಅದರಲ್ಲಿದೆ. ಅವಳ ಮೇಡಮ್ಮು ಬಹಳ ಹೊಗಳಿದರಂತೆ. ನನ್ನ ಹೆಸರು ಹಾಕಿಲ್ಲವೆಂದು ಉಪಕಾರ ಮಾಡಿದವಳ ಹಾಗೆ ಹೇಳಿದಳು.

ಅವಳ ಕೊನೆಯ ಸೆಮಿಸ್ಟರಿನಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಒಳಗೆ ರಾಡು ಹಾಕಿದರು. ಉಣ್ಣುವುದು, ಉಚ್ಚೆ, ಎಲ್ಲ ಹಾಸಿಗೆಯಲ್ಲೇ. ಸುನೀಲ ಹೆಂಡತಿಗೆ ಕಾಲೇಜು ಬಿಡು ಎಂದ, ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ ಎಂದ. ಅಲ್ಲಿಗೆ ಕರಾರು ಮುರಿಯಿತು.

ಭಾಗ್ಯಾ ಮಹೇಶನಿಗೆ ಫೋನು ಮಾಡಿದಳು. ಅವನಿಗೆ ಸ್ಪೀಕರ್ ಹಾಕಿ ಮಾತಾಡುವ ಚಟ, ನಾನು ಎಲ್ಲವನ್ನೂ ಕೇಳಿದೆ.

"ಕಸ್ತೂರಿನ್ನ ತವರಿಗೆ ಕಳಸು ಅಣ್ಣಾ."

"ಕೂಸು ಸಣ್ಣದೈತಲ್ಲ. ಇನ್ನಾ ಮಲಿ ಬಿಟ್ಟಿಲ್ಲ."

"ಕೂಸು ಅಲ್ಲೇ ಇರಲಿ. ಕೂಸಿನ ಜೋಡಿ ಕಳಿಸಿದ್ರ ಹಬ್ಬಕ್ಕ ಬಂದಂಗ ಆಕ್ಕೈತಿ. ಬಿಟ್ಟು ಬಂದ್ರನ ಇವ್ರಿಗೆ ಬಿಸಿ ತಟ್ಟೂದು."

ಇದನ್ನು ಅವಳು ಯಾವ ಪುಸ್ತಕದಲ್ಲಿ ಓದಿದಳೋ ಗೊತ್ತಿಲ್ಲ. ನನ್ನ ಮಗಳು ನಂದಾ ಆಗ ನನ್ನ ತೊಡೆಯ ಮೇಲೇ ಇದ್ದಳು. ಶೆಟ್ಟೆವ್ವ ಬಂದು ಎತ್ತಿಕೊಂಡು ಒಳಗೆ ಹೋದಳು. ಮಹೇಶ ಬೈಕಿನಲ್ಲಿ ಘಟಪ್ರಭೆಯ ತನಕ ತಂದು ಬಸ್ಸು ಹತ್ತಿಸಿದ, ಕಿಟಕಿಯಿಂದ ಒಂದು ಬಾಳೆಹಣ್ಣಿನ ಚೀಲವನ್ನೂ ಕೊಟ್ಟ. ಹಿಡಕಲ್ ಮುಟ್ಟುವ ಹೊತ್ತಿಗೆ ಕುಪ್ಪಸ ಹಾಲಿನಿಂದ ತೊಯ್ದಿತ್ತು. ಸೆರಗು ಹೊದ್ದು ಇಳಿದೆ.

ಬಿಸಿ ಯಾರಿಗೂ ತಟ್ಟಲಿಲ್ಲ. ಅದೇ ದೊಡ್ಡ ತಮಾಷೆ. ನಾನು ಬಂದದ್ದರಿಂದ ಅವ್ವನನ್ನು ನೋಡಿಕೊಳ್ಳಲು ಒಬ್ಬಳು ಸಿಕ್ಕಳು. ಹಾಗಾಗಿ ಭಾಗ್ಯಾ ಗೋಕಾಕಕ್ಕೆ ಹೋಗತೊಡಗಿದಳು. ಸುನೀಲನಿಗೆ ಹೆಂಡತಿ ತವರಿಗೆ ಹೋಗದೆ ಮನೆಯಲ್ಲೇ ಉಳಿದಳು. ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಬಂತು. ಶೆಟ್ಟೆವ್ವನಿಗೆ ಮೊಮ್ಮಗಳು ಇಡಿಯಾಗಿ ಸಿಕ್ಕಳು. ಎಲ್ಲರ ಕೆಲಸವೂ ಆಗಿತ್ತು, ನನ್ನೊಬ್ಬಳದನ್ನು ಬಿಟ್ಟು.

ನಾನು ಅಪ್ಪನ ಮುಂದೆ ನಿಂತು ಕೇಳಿದೆ. "ಅಕಿನ್ನೂ ಮಸಗುಪ್ಪಿಗೆ ಕಳಸ್ರಿ. ಸಾಟಿ ಅಂದ ಮ್ಯಾಲ ಸಾಟಿ ಆಗಲಿ. ಆಮ್ಯಾಲ ಹಿರ್ಯಾರು ಕೂತು ಇಬ್ಬರನ್ನೂ ಅದಲಿ ಬದಲಿ ಮಾಡ್ತಾರ."

"ಯಾಕವಾ?" ಎಂದ ಅಪ್ಪ, ನಿಜವಾಗಿಯೂ ಅರ್ಥವಾಗದೆ. "ಮನಿ ಚಂದಾಗಿ ನಡದೈತಲ್ಲ."

ಅವ್ವ ಹಾಸಿಗೆಯಿಂದಲೇ ದನಿಗೂಡಿಸಿದಳು. "ಕೂಸು ಅಲ್ಲಿ ಆರಾಮ ಐತಿ ಬಿಡು. ಹೆತ್ತ ಮಗಳ ಕೈ ಮೆತ್ತಗಿರತೈತಿ, ಸೊಸಿ ಕೈ ಹಂಗಲ್ಲ." ಆಗ ನಾನು ಅವಳನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸುತ್ತಿದ್ದೆ. ಆ ಮಾತಿಗೆ ಕೈ ತಡೆದು ನಿಂತೆ, ಮತ್ತೆ ಒರೆಸಿದೆ.

ನಾನೇ ಎದ್ದು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮಲ್ಲಿ ಕಳಿಸಿದ ಹೆಂಡತಿ ತಾನಾಗಿ ವಾಪಸು ಹೋಗುವುದಿಲ್ಲ. ಗಂಡನ ಮನೆಯವರು ಕರೆಯಲು ಬರಬೇಕು. ಕರೆಯದೆ ಹೋದವಳಿಗೆ ಆ ಮನೆಯಲ್ಲಿ ಆಮೇಲೆ ನಾಯಿಯ ಮರ್ಯಾದೆ. ನಾನು ಮಹೇಶನಿಗೆ ದಿನಾ ಫೋನು ಮಾಡುತ್ತಿದ್ದೆ. "ಭಾಗ್ಯಾ ಒಂದ ಮಾತ ಹೇಳ್ಲಿ, ಬರ್ತೇನಿ" ಎನ್ನುತ್ತಿದ್ದ. ಭಾಗ್ಯಾಳನ್ನು ಕೇಳಿದರೆ "ಪರೀಕ್ಷಾ ಮುಗೀಲಿ" ಎಂದಳು. ಪರೀಕ್ಷೆ ಮುಗಿದ ಮೇಲೆ ಪ್ರಬಂಧ ಎಂದಳು. ಪ್ರಬಂಧ ಕೊಟ್ಟ ಮೇಲೆ ವೈವಾ, ಅಂದರೆ ದೊಡ್ಡವರು ಎದುರು ಕೂರಿಸಿಕೊಂಡು ಕೇಳುವ ಬಾಯಿಮಾತಿನ ಪರೀಕ್ಷೆ. ಪಂಚಮಿ ಬಂತು. ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡಿದರು. ನಾನು ತವರಿನಿಂದ ಹೋಗಬೇಕೆಂದು ಹಿತ್ತಲಲ್ಲಿ ಕೂತು ಅತ್ತೆ. ಅಷ್ಟರಲ್ಲಿ ನನ್ನ ಹಾಲು ಬತ್ತಿತ್ತು. ವೀಡಿಯೊ ಕಾಲಿನಲ್ಲಿ ನಂದಾ ನನ್ನನ್ನು ನೋಡಿ ಶೆಟ್ಟೆವ್ವನ ಸೆರಗಲ್ಲಿ ಮುಖ ಮುಚ್ಚಿಕೊಳ್ಳತೊಡಗಿದ್ದಳು.

ದಸರೆ ಕಳೆದ ಮೇಲೆ ವೈವಾ ದಿನ ಗೊತ್ತಾಯಿತು. ಹಿಂದಿನ ಸಂಜೆ ಎಲ್ಲರೂ ಉಣ್ಣುತ್ತಿದ್ದಾಗ ಭಾಗ್ಯಾ ಸುನೀಲನಿಗೆ ಹೇಳಿದಳು. "ಮೇಡಮ್ಮಾರು ಪಿಎಚ್‌ಡಿ ಮಾಡು ಅನ್ನಾಕತ್ತಾರ. ಮೂರ ವರ್ಷ ಆಕ್ಕೈತಂತ."

ಸುನೀಲ ಅಪ್ಪನ ಕಡೆ ನೋಡಿದ. ಅಪ್ಪ ಮಜ್ಜಿಗೆ ಕಲಸುತ್ತಾ, "ಮಾಡಲೇಳು. ಕಸ್ತೂರಿ ಅದಾಳಲ್ಲ ಮನ್ಯಾಗ" ಎಂದ.

ಭಾಗ್ಯಾ ನನ್ನ ಕಡೆ ನೋಡಲಿಲ್ಲ. ನಾನು ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ನನ್ನ ಮಗಳು ನನಗೆ ಸಿಗುವುದಿಲ್ಲ ಎಂಬುದು ಆ ರೊಟ್ಟಿ ಹಾಕುವಾಗ ಸ್ಪಷ್ಟವಾಯಿತು.

ಮರುದಿನ ಅಪ್ಪ ಡ್ಯಾಮಿಗೆ ಹೋದ, ಸುನೀಲ ಸಕ್ಕರೆ ಕಾರಖಾನೆಯ ಪಾಳಿಗೆ ಹೋದ. ಭಾಗ್ಯಾ ಇಳಕಲ್ ಸೀರೆ ಉಟ್ಟು, ದಪ್ಪ ರಟ್ಟಿನ ಪ್ರಬಂಧವನ್ನು ಎದೆಗೆ ಅವುಚಿಕೊಂಡು ಬಸ್‌ಸ್ಟಾಪಿಗೆ ನಡೆದಳು. ಅವ್ವ ಹಾಸಿಗೆ ಒದ್ದೆ ಮಾಡಿಕೊಂಡು ನನ್ನನ್ನು ಕೂಗಿದಳು. ನಾನು ತಲೆ ಬಾಚಿಕೊಂಡೆ. ಮತ್ತೆ ಕೂಗಿದಳು. ಆಧಾರ್ ಕಾರ್ಡು ತೆಗೆದುಕೊಂಡೆ, ಹೆಂಗಸರಿಗೆ ಬಸ್ಸು ಪುಕ್ಕಟೆ, ಅದೊಂದಿದ್ದರೆ ಸಾಕು. ಬಾಗಿಲನ್ನು ಎಳೆದುಕೊಂಡು ಹೊರಟೆ.

ಬಸ್‌ಸ್ಟಾಪಿನಲ್ಲಿ ನನ್ನನ್ನು ನೋಡಿ ಭಾಗ್ಯಾಳ ಬಣ್ಣ ಇಳಿಯಿತು.

"ಅತ್ತಿ ಹತ್ತರ ಯಾರ ಅದಾರ?"

"ಯಾರೂ ಇಲ್ಲ. ನಾ ಮಸಗುಪ್ಪಿಗೆ ಹೊಂಟೇನಿ."

"ಇವತ್ತೊಂದ ದಿನ ತಡಿ ಕಸ್ತೂರಿ. ನಿನ್ನ ಕಾಲ ಹಿಡೀತೇನಿ."

"ನೀನ ತಡಿ. ಅಕಿ ನಿನಗೂ ಅತ್ತಿ ಅಲ್ಲ?"

ಬಸ್ಸು ಬಂತು. ಇಬ್ಬರೂ ಹತ್ತಿದೆವು, ಒಂದೇ ಸೀಟಿನಲ್ಲಿ ಕೂತೆವು. ಅವಳಿಗೆ ನಾನು ಇಳಿಯುತ್ತೇನೆಂಬ ಭರವಸೆ, ಎಷ್ಟೆಂದರೂ ನನ್ನ ಹೆತ್ತ ತಾಯಿ. ನನಗೆ ಅವಳು ಇಳಿಯುತ್ತಾಳೆಂಬ ಭರವಸೆ, ಎಷ್ಟೆಂದರೂ ಸುನೀಲನ ಕೈಗೆ ಸಿಗಬೇಕಾದವಳು ಅವಳು. ಒಂದು ಸ್ಟಾಪು ಹೋಯಿತು, ಇನ್ನೊಂದು ಹೋಯಿತು.

"ಇಂಥಾದು ನಮ್ಮ ಸಿಲೆಬಸ್ಸಿನ್ಯಾಗ ಐತಿ," ಎಂದಳು ಭಾಗ್ಯಾ, ಮುಂದೆ ನೋಡುತ್ತಾ. "ಎರಡ ಮೋಟಾರು ಎದುರಾ ಬದುರ ಜೋರಲೇ ಬರಾಕತ್ತಿರತಾವ. ಮೊದಲ ಯಾಂವ ಬಾಜೂ ಸರೀತಾನೋ ಆಂವ ಸೋತಂಗ."

"ಯಾರೂ ಸರೀದಿದ್ರ?"

ಅವಳು ತೊಡೆಯ ಮೇಲಿದ್ದ ಪ್ರಬಂಧವನ್ನು ಮತ್ತೆ ಎದೆಗೆ ಅವುಚಿಕೊಂಡಳು. ಬಾಜೂ ಮನೆಯ ಮುದಕವ್ವನಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು, ಓಡಿ ಹೋಗಿ ನೋಡುತ್ತಿದ್ದಳು. ನನ್ನ ಕೈಯಲ್ಲಿ ಫೋನಿತ್ತು, ಅವಳ ಕೈಯಲ್ಲೂ ಇತ್ತು. ಆದರೆ ಮೊದಲು ಫೋನು ಮಾಡಿದವಳೇ ಅವ್ವನನ್ನು ನೋಡಿಕೊಳ್ಳುವವಳು ಎಂದಾಗುತ್ತಿತ್ತು. ಘಟಪ್ರಭೆಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಎದುರಿಗೇ ಹಿಡಕಲ್ಲಿನ ಕಡೆ ಹೋಗುವ ಬಸ್ಸು, ಖಾಲಿ ಸೀಟುಗಳು. ಅವಳು ಅದನ್ನು ನೋಡಿದಳು, ನಾನೂ ನೋಡಿದೆ. ಅದು ಹೊರಟು ಹೋಯಿತು. ಗೋಕಾಕದಲ್ಲಿ ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು ಪಿ.ಜಿ. ಸೆಂಟರಿನ ಕಡೆ ನಡೆದಳು, ನಾನು ಮೂಡಲಗಿಯ ಬಸ್ಸು ಹಿಡಿದೆ.

ಮಸಗುಪ್ಪಿಯಲ್ಲಿ ಶೆಟ್ಟೆವ್ವ ಹೊಸ್ತಿಲಲ್ಲೇ ತಡೆದಳು. "ಯಾರ ಕರದಾರಂತ ಬಂದಿ?"

"ಯಾರೂ ಕರದಿಲ್ಲ. ಸರೀರಿ."

ನಂದಾ ನನ್ನನ್ನು ನೋಡಿ ಕಿಟಾರನೆ ಚೀರಿ ಮುದುಕಿಯ ಕಾಲು ತಬ್ಬಿಕೊಂಡಳು. ಬೆರಳು ಬಿಡಿಸಿ ಎತ್ತಿಕೊಂಡೆ. ಮುಖ ಪರಚಿದಳು, ಕಚ್ಚಿದಳು. ಅಳಲಿ ಎಂದು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ಹೊರಗೆ ಶೆಟ್ಟೆವ್ವ ಬಾಗಿಲು ಬಡಿಯುತ್ತಲೇ ಇದ್ದಳು. ಅತ್ತು ಅತ್ತು ಸಾಕಾಗಿ ಮಗಳು ನನ್ನ ಎದೆಯ ಮೇಲೇ ಮಲಗಿದಳು. ನನಗಾದ ಸಂತೋಷವನ್ನು ಹೇಳಲು ಬರುವುದಿಲ್ಲ.

ಮಧ್ಯಾಹ್ನ ಸುನೀಲನ ಫೋನು ಬಂತು. ಅವ್ವ ನೀರಿನ ತಂಬಿಗೆಗೆ ಕೈ ಚಾಚಲು ಹೋಗಿ ಮಂಚದಿಂದ ಬಿದ್ದಿದ್ದಳು, ತಲೆ ಪಕ್ಕದಲ್ಲಿದ್ದ ಒಳ್ಳುಕಲ್ಲಿಗೆ ಬಡಿದಿತ್ತು. ಪಾಳಿ ಮುಗಿಸಿ ಬಂದ ಸುನೀಲ ಬಾಗಿಲು ದೂಡಿದಾಗ ಮೈ ತಣ್ಣಗಾಗಿತ್ತು. ನಾನು ಹಿಡಕಲ್ಲಿಗೆ ಮರಳಿದಾಗ ಭಾಗ್ಯಾಳೂ ಗೋಕಾಕದಿಂದ ಬಂದಿದ್ದಳು.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ, ಕಾಲು ಮಡಚಿ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಅವ್ವನ ರಾಡು ಹಾಕಿದ ಕಾಲು ಮಡಚಲಿಲ್ಲ. ಗಂಡಸರು ಮೊದಲು ಮೆಲ್ಲಗೆ ಒತ್ತಿದರು, ಆಮೇಲೆ ಇಬ್ಬರು ಮಂಡಿ ಊರಿ ಒತ್ತಿದರು. ಸದ್ದು ನಡುಮನೆಗೆಲ್ಲ ಕೇಳಿಸಿತು. ಸುನೀಲ ಎದ್ದು ನಮ್ಮಿಬ್ಬರ ಕಡೆ ತಿರುಗಿದ, ಕಣ್ಣುಗಳು ಕೆಂಪಾಗಿದ್ದವು. "ಮನ್ಯಾಗ ಯಾರಿದ್ರಿ? ಯಾಕಿ ಬಿಟ್ಟು ಹ್ವಾದಾಕಿ?"

ಭಾಗ್ಯಾ ಜೋರಾಗಿ ಅಳುತ್ತಾ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಬಾಯಿ ನನ್ನ ಕಿವಿಯ ಹತ್ತಿರವಿತ್ತು.

"ಕೂಸು ಸಿಕ್ತು?"

"ಸಿಕ್ತು. ನಿಂದು?"

"ಪಾಸ್ ಮಾಡ್ಯಾರ." ಅಳುವಿನ ನಡುವೆಯೇ ಉಸಿರು ತೆಗೆದುಕೊಂಡಳು. "ಒಬ್ಬಾಕಿ ಹೆಸರ ಹೇಳಿದ್ರ ಇಬ್ಬರೂ ಹೋಗ್ತೇವಿ. ಅತ್ತಿನೇ ಹೋಗ್ರಿ ಅಂದ್ರು ಅಂತ ಹೇಳೂಣು."

ನಾನು ಅವಳ ಬೆನ್ನು ಸವರಿದೆ. ಆಮೇಲೆ ಅಣ್ಣನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಅವ್ವನೇ ಕಳಿಸಿದ್ಲೋ ಅಣ್ಣಾ," ಎಂದೆ. "ನನಗೇನಾಗೇತಿ, ಆರಾಮ ಅದೇನಿ. ಅಕಿ ಪರೀಕ್ಷಾಕ್ಕ ಹೋಗಲಿ, ನೀ ಕೂಸಿನ ಕಡೆ ಹೋಗವಾ ಅಂತ ಬೈದು ಕಳಿಸಿದ್ಲು."

"ಹೂಂ, ಬೈದು ಕಳಿಸಿದ್ರು," ಎಂದಳು ಭಾಗ್ಯಾ.

ಸುನೀಲ ಕುಸಿದು ಕೂತು ಅವ್ವನ ಕಾಲಿನ ಮೇಲೆ ತಲೆಯಿಟ್ಟ. ಎಂಥಾ ತಾಯಿ, ಎಂಥಾ ಅತ್ತಿ ಎಂದು ಹೆಂಗಸರೆಲ್ಲ ಕಣ್ಣೊರೆಸಿಕೊಂಡರು.